ಹನ್ನೊಂದು ನಿಮಿಷದ ಚಿತ್ರ

ಭಾನುವಾರ, ೨೦-೯-೧೯೮೭

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ಇಷ್ಟು ತಡಮಾಡಿದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ನಿನ್ನ ಮೂರು ಕಾಗದಗಳೂ ಬಂದಿವೆ. ಮೂರನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದೇನೆ. ಮೊದಲನೆಯದರಲ್ಲಿ ಏಕೆ ಬರೆದಿಲ್ಲ ಎಂದು ಕೇಳಿದ್ದೆ, ಎರಡನೆಯದರಲ್ಲಿ ಕೋಪವೇನೋ ಎಂದಿದ್ದೆ, ಮೂರನೆಯದರಲ್ಲಿ ‘ಇದ್ದೀಯೋ ಇಲ್ಲವೋ, ಅಷ್ಟಾದರೂ ತಿಳಿಸು’ ಎಂದು ಒಂದೇ ಸಾಲು. ಪ್ರತಿ ಸಲವೂ ನಾನೊಂದು ಕಾರ್ಡಿನ ಮೇಲೆ ‘ಎಲ್ಲ ಕ್ಷೇಮ, ವಿವರ ಮುಂದೆ’ ಎಂದು ಗೀಚಿ ಅಂಚೆಗೆ ಹಾಕಿದೆ. ಆ ವಿವರ ಹದಿನಾಲ್ಕು ತಿಂಗಳಾದರೂ ನಿನಗೆ ತಲುಪಲಿಲ್ಲ. ಇವತ್ತು ರಜೆ. ನನ್ನ ಹೆಂಡತಿ, ಅದೇ ನಿನ್ನ ನಾದಿನಿ, ಮಗಳ ಜೊತೆ ಹೊರಗೆ ಹೋಗಿದ್ದಾಳೆ. ಬೆಳಗಿನಿಂದ ಕೂತು ಎರಡು ಹಾಳೆ ಹರಿದು ಹಾಕಿ ಇದು ಮೂರನೆಯದು.

ನಿನ್ನ ಮಂಡಿನೋವು ಹೇಗಿದೆ? ಭಾವ ಮೆಟ್ಟಿಲಿಗೆ ಹಿಡಿಗಂಬಿ ಹಾಕಿಸಿದ್ದು ಓದಿ ಸಮಾಧಾನವಾಯಿತು. ಅದನ್ನು ಹಿಡಿದುಕೊಂಡು ಹತ್ತುವುದಕ್ಕೆ ನಿನಗೆ ಅವಮಾನವಂತೆ. ಅಕ್ಕ, ನನ್ನ ಬಸ್ಸಿನಲ್ಲಿ ದಿನಕ್ಕೆ ಎಂಟುನೂರು ಜನ ಕಂಬಿ ಹಿಡಿದುಕೊಂಡು ನಿಲ್ಲುತ್ತಾರೆ, ಒಬ್ಬರಿಗೂ ಅವಮಾನ ಆದದ್ದು ನಾನು ನೋಡಿಲ್ಲ. ಸುಮ್ಮನೆ ಹಿಡಿದುಕೋ.

ಇಲ್ಲಿಯ ಸಮಾಚಾರ ಎಂದರೆ, ನಿನ್ನ ನಾದಿನಿ ಅದೇ ಸಮವಸ್ತ್ರದ ಕಾರ್ಖಾನೆಯಲ್ಲಿ ಅದೇ ಕಾಲರು ಹೊಲಿಯುತ್ತಿದ್ದಾಳೆ. ಊರಿನ ಅರ್ಧ ಮಕ್ಕಳ ಕುತ್ತಿಗೆ ತನ್ನ ಕೈಯಲ್ಲಿದೆ ಎಂದು ಜಂಬ. ಮಗಳಿಗೆ ಹದಿನಾರು ತುಂಬಿತು, ಕನ್ನಡಕ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ನನ್ನನ್ನೇ ದಿಟ್ಟಿಸಿ, ‘ಅಪ್ಪಾ, ನಿಮಗೆ ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತು’ ಎಂದು ಕೇಳಿದಳು. ಬಂದು ಬಹಳ ದಿನವಾಗಿಲ್ಲ.

ಲಕೋಟೆ ಕೈಗೆ ಬಂದ ಕೂಡಲೇ ನೀನು ಬೆರಳಿನಲ್ಲಿ ಒತ್ತಿ ನೋಡಿರುತ್ತೀಯ, ಒಳಗೆ ಚಿತ್ರದ ದಪ್ಪ ಹಾಳೆ ಇದೆಯೇ ಎಂದು. ಇಲ್ಲ ಅಕ್ಕ. ಹದಿನಾರು ವರ್ಷದಲ್ಲಿ ಚಿತ್ರವಿಲ್ಲದೆ ನಿನಗೆ ಹೋಗುತ್ತಿರುವ ಮೊದಲ ಕಾಗದ ಇದು. ‘ಈಗ ಏನು ಬಿಡಿಸುತ್ತಿದ್ದೀಯ’ ಎಂದು ಕೇಳಿದ್ದೀಯಲ್ಲ, ಏನೂ ಇಲ್ಲ. ಅದು ಯಾಕೆ ಎಂದು ಹೇಳುವುದಕ್ಕೇ ಇಷ್ಟು ದಿನ ಬೇಕಾಯಿತು.

ನನ್ನ ಹುಚ್ಚು ನಿನಗೆ ಗೊತ್ತು, ಹಚ್ಚಿದವಳೂ ನೀನೇ. ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ಅಜ್ಜಿಯ ಕಿವಿ ಬಿಡಿಸಲು ಕಲಿಸಿದೆ. ನೀನಿಟ್ಟ ‘ಕಡ್ಡಿ’ ಎಂಬ ಅಡ್ಡಹೆಸರು ಡಿಪೋದಲ್ಲಿ ‘ಪೆನ್ಸಿಲ್’ ಆಗಿದೆ, ಅಷ್ಟೇ ಬಡ್ತಿ. ಬಸ್ಸು ಓಡುವಾಗ ಚಿತ್ರ ಆಗದು. ಟಿಕೆಟ್ಟು ಹರಿಯುವುದಕ್ಕೇ ಎರಡು ಕೈ ಸಾಲುವುದಿಲ್ಲ. ಆದರೆ ಪ್ರತಿ ಟ್ರಿಪ್ಪಿನ ಕೊನೆಗೆ ನಿಲ್ದಾಣದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ಡ್ರೈವರು ಚಹಾಕ್ಕೆ ಇಳಿಯುತ್ತಾನೆ, ಮುಂದಿನ ಟ್ರಿಪ್ಪಿನವರು ಒಬ್ಬೊಬ್ಬರಾಗಿ ಹತ್ತಿ ಕೂರುತ್ತಾರೆ. ಆ ಹೊತ್ತು ನನ್ನದು. ಹಳೆಯ ಡ್ಯೂಟಿ ಪಟ್ಟಿಗಳ ಖಾಲಿ ಬೆನ್ನನ್ನು ಕತ್ತರಿಸಿ, ನಿನ್ನ ನಾದಿನಿಯ ದಪ್ಪ ದಾರದಲ್ಲಿ ಹೊಲಿದು, ಜೇಬಿಗೆ ಹಿಡಿಸುವಂಥ ಪುಸ್ತಕ ಮಾಡಿಕೊಳ್ಳುತ್ತೇನೆ. ಮೆತ್ತನೆಯ ಸೀಸದ ಪೆನ್ಸಿಲು, ಅದನ್ನು ಕೆತ್ತಲು ಬ್ಲೇಡು, ನೆರಳು ತೀಡಲು ಕರವಸ್ತ್ರದ ಮೂಲೆ. ‘ನಿಮ್ಮ ಕರವಸ್ತ್ರ ಒಗೆಯೋಕೆ ಅಂತಲೇ ಬೇರೆ ಸೋಪು ತರಬೇಕು’ ಎಂದು ಮನೆಯಲ್ಲಿ ವಾರಕ್ಕೊಂದು ಸಲ ಮಂಗಳಾರತಿ.

ಬಸ್ಸು ಹೊರಡಲು ಕಾಯುತ್ತಿರುವ ಮನುಷ್ಯನ ಮುಖದಷ್ಟು ಇಷ್ಟವಾದದ್ದು ನನಗೆ ಬೇರೊಂದಿಲ್ಲ. ಅವನಿಗೆ ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ, ಮುಖವನ್ನು ಸಿಂಗರಿಸಿ ಇಟ್ಟುಕೊಳ್ಳುವ ಗರಜೂ ಇಲ್ಲ. ಮಧ್ಯಾಹ್ನದ ಮೇಲೆ ಎಡಗಡೆ ಕಿಟಕಿಯಿಂದ ಬೀಳುವ ಬೆಳಕಿನಲ್ಲಿ ಎಂಥವರೂ ಚೆನ್ನಾಗಿ ಕಾಣುತ್ತಾರೆ. ತರಕಾರಿ ಚೀಲದ ಮೇಲೆ ಒಂದರ ಮೇಲೊಂದು ಇಟ್ಟುಕೊಂಡ ಮುದುಕಿಯರ ಕೈ, ನಿದ್ದೆಯಲ್ಲಿ ಪಕ್ಕದವನ ಭುಜಕ್ಕೆ ವಾಲಿ ಬೆಚ್ಚಿ ನೆಟ್ಟಗಾಗುವ ಗುಮಾಸ್ತ. ಹೀಗೆ ಮೂವತ್ತೇಳು ಪುಸ್ತಕ ತುಂಬಿದ್ದವು. ನನ್ನ ಡ್ರೈವರನಿಗೆ ‘ಗಡಿಯಾರ’ ಎಂದು ಹೆಸರು, ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಬಸ್ಸನ್ನು ತಡವಾಗಿ ಹೊರಡಿಸಿದವನಲ್ಲ. ನನ್ನ ಚಿತ್ರಗಳಿಗೆ ಅವನೇ ವಿಮರ್ಶಕ. ತನ್ನ ಚಿತ್ರ ನೋಡಿ, ‘ಮೂಗು ನನ್ನದಲ್ಲ, ಉಳಿದದ್ದಕ್ಕೆ ನನ್ನ ತಕರಾರಿಲ್ಲ’ ಎಂದಿದ್ದ. ಡಿಪೋ ಮ್ಯಾನೇಜರು ಮಾತ್ರ ಡ್ಯೂಟಿ ವೇಳೆಯಲ್ಲಿ ಚಿತ್ರ ಬರೆದೆನೆಂದು ಎರಡು ಸಲ ಮೆಮೊ ಕೊಟ್ಟಿದ್ದರು. ಎರಡನೆಯ ಮೆಮೊದ ಹಿಂಬದಿ ಬಹಳ ಒಳ್ಳೆಯ ಕಾಗದ.

ಹೋದ ವರ್ಷ ಜುಲೈ ಎಂಟು, ಮಂಗಳವಾರ. ನಮ್ಮ ಬಸ್ಸು ಸಂಜೆ ನಾಲ್ಕು ಹತ್ತಕ್ಕೆ ನಿಲ್ದಾಣಕ್ಕೆ ಬಂದು ನಾಲ್ಕು ಇಪ್ಪತ್ತೊಂದಕ್ಕೆ ಹೊರಡುತ್ತದೆ. ಹನ್ನೊಂದು ನಿಮಿಷ. ಆ ದಿನ ಎಲ್ಲರಿಗಿಂತ ಮೊದಲು ಹತ್ತಿದವಳು ಒಬ್ಬ ಹುಡುಗಿ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ನೀಲಿ ಸ್ವೆಟರು, ತೊಡೆಯ ಮೇಲೆ ಬಟ್ಟೆಯ ಚೀಲ. ಎಡಗಡೆ ಮೂರನೆಯ ಸೀಟಿನ ಕಿಟಕಿಗೆ ಕೂತು ಹೊರಗೆ ನೋಡತೊಡಗಿದಳು. ನನಗೆ ಮೊದಲು ಕಂಡದ್ದು ಅವಳ ಕಿವಿ. ಹಾಲೆ ಸೀಳಿ ಕೂಡಿಕೊಂಡ ಗುರುತಿತ್ತು. ನಾನು ಎದುರಿನ ಅಡ್ಡ ಸೀಟಿನಲ್ಲಿ ಕೂತು ಪುಸ್ತಕ ತೆಗೆದೆ. ಗಡಿಯಾರ ಬಂದು ಇಂಜಿನ್ ಚಾಲು ಮಾಡಿದಾಗ ಅವಳು ಎದ್ದು ಇಳಿದುಹೋದಳು. ತಪ್ಪು ಬಸ್ಸು ಹತ್ತಿರಬೇಕು ಎಂದುಕೊಂಡೆ. ದಿನಕ್ಕೆ ನಾಲ್ಕು ಜನ ಹಾಗೆ ಇಳಿಯುತ್ತಾರೆ. ಚಿತ್ರದ ಕೆಳಗೆ ತಾರೀಖು ಹಾಕಿ ಸೀಟಿ ಊದಿದೆ.

ಒಂಬತ್ತು ದಿನದ ಮೇಲೆ ಡಿಪೋಗೆ ಗಂಡಹೆಂಡತಿ ಇಬ್ಬರು ಬಂದರು. ಗಂಡ ಬೀಗ ರಿಪೇರಿ ಮಾಡುವವರು, ಸಂತೆ ಬೀದಿಯ ತಿರುವಿನಲ್ಲಿ ಕಬ್ಬಿಣದ ಪೆಟ್ಟಿಗೆಯಂಥ ಅಂಗಡಿ. ಹೆಂಡತಿ ಒಂದು ಶಾಲೆಯಲ್ಲಿ ಆಯಾ. ಮಗಳು ಮಂಗಳವಾರ ಮಧ್ಯಾಹ್ನ ಮನೆ ಬಿಟ್ಟವಳು ಬಂದಿಲ್ಲ ಎಂದು ಒಬ್ಬೊಬ್ಬ ಕಂಡಕ್ಟರನ್ನೂ ನಿಲ್ಲಿಸಿ ಕೇಳುತ್ತಿದ್ದರು. ಅವರ ಹತ್ತಿರ ಇದ್ದದ್ದು ಒಂದೇ ಫೋಟೋ. ಹದಿಮೂರನೆಯ ವಯಸ್ಸಿನಲ್ಲಿ ತರಗತಿಯವರೆಲ್ಲ ಸಾಲಾಗಿ ನಿಂತು ತೆಗೆಸಿದ್ದು, ಅವಳ ಮುಖ ಉಗುರಿನಷ್ಟು. ಅದನ್ನು ನೋಡಿ ಯಾರು ಏನು ಹೇಳಲು ಸಾಧ್ಯ? ಎಲ್ಲರೂ ತಲೆ ಅಲ್ಲಾಡಿಸಿ ಕಳಿಸುತ್ತಿದ್ದರು. ನಾನೂ ಅಲ್ಲಾಡಿಸಿದೆ. ಆಗ ತಾಯಿ, ಚಿಕ್ಕವಳಿದ್ದಾಗ ಓಲೆ ಬಾಗಿಲ ಚಿಲಕಕ್ಕೆ ಸಿಕ್ಕಿ ಬಲಗಿವಿ ಹರಿದಿತ್ತು, ಅದರ ಗುರುತಿದೆ ಎಂದರು.

ಜೇಬಿನಿಂದ ಪುಸ್ತಕ ತೆಗೆದು ಹಾಳೆ ತಿರುವಿ ಅವರ ಮುಂದೆ ಹಿಡಿದೆ. ಆ ತಾಯಿ ನೋಡಿದ ರೀತಿಯನ್ನು ಹೇಗೆ ಬರೆಯಲಿ ಅಕ್ಕ. ಕೂಗಲಿಲ್ಲ, ಅಳಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡು ಚಿತ್ರದ ಅಂಚನ್ನು ಮುಟ್ಟಿದರು. ಬೀಗದವರು ತಾರೀಖು ನೋಡಿ, ‘ಇದು ಅವತ್ತಿಂದೇ’ ಎಂದರು. ಮಧ್ಯಾಹ್ನ ಹನ್ನೆರಡರ ಮೇಲೆ ಅವಳನ್ನು ಕಂಡವರೇ ಇರಲಿಲ್ಲ. ನಾಲ್ಕು ಇಪ್ಪತ್ತೊಂದರವರೆಗೆ ಕಂಡವನು ನಾನೊಬ್ಬ.

ತಾಯಿ ಕೇಳಿದ್ದು ಒಂದೇ ಮಾತು.

‘ಹೇಗಿದ್ದಳು?’

‘ಸಮಾಧಾನವಾಗಿ ಕೂತಿದ್ದಳಮ್ಮ,’ ಎಂದೆ. ‘ಹೊರಗೆ ನೋಡ್ತಾ ಇದ್ದಳು.’

ಅಲ್ಲಿಂದ ಮುಂದಿನದ್ದೆಲ್ಲ ನನ್ನ ಕೈಮೀರಿ ನಡೆಯಿತು. ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರು ಚಿತ್ರ ನೋಡಿ, ಫೋಟೋ ಬೇಡ, ಇದೇ ಸಾಕು ಎಂದು ಆ ಹಾಳೆಯನ್ನು ಹರಿದುಕೊಂಡರು. ವಾರದೊಳಗೆ ಅದು ಅಚ್ಚಾಗಿ ಬಂತು. ನಿಲ್ದಾಣದ ಕಂಬಗಳ ಮೇಲೆ, ಅಂಚೆ ಕಚೇರಿಯಲ್ಲಿ, ಆಸ್ಪತ್ರೆಯ ಗೋಡೆಯ ಮೇಲೆ, ನಮ್ಮ ಡಿಪೋದ ಎಲ್ಲ ಬಸ್ಸುಗಳ ಬೆನ್ನಿಗೂ. ಮ್ಯಾನೇಜರು ನನ್ನ ಹೆಗಲ ಮೇಲೆ ಕೈಯಿಟ್ಟು ಬಂದವರಿಗೆಲ್ಲ ‘ನಮ್ಮ ಡಿಪೋದ ಕಲಾವಿದರು’ ಎಂದು ಪರಿಚಯಿಸಿದರು. ನಿನ್ನ ಹತ್ತಿರ ಮುಚ್ಚಿಡುವುದು ಏನಿದೆ, ಮೊದಲ ದಿನ ಆ ಕಂಬದ ಮುಂದೆ ನಿಂತಾಗ ನನಗೆ ಖುಷಿಯಾಯಿತು. ಗದ್ದದ ಗೆರೆ ಎಷ್ಟು ಚೆನ್ನಾಗಿ ಬಂದಿದೆ ಎಂದು ನೋಡಿದೆ. ಪಕ್ಕದಲ್ಲಿ ನಿಂತವನೊಬ್ಬ, ಪಾಪ ಯಾರ ಮಗಳೋ ಎಂದ ಮೇಲೆ ನಾಚಿಕೆಯಾಗಿ ಅಲ್ಲಿಂದ ಹೊರಟೆ.

ಅಲ್ಲಿ ಕಂಡೆ, ಇಲ್ಲಿ ಕಂಡೆ ಎಂದು ಹನ್ನೆರಡು ಕಡೆಯಿಂದ ಸುದ್ದಿ ಬಂತು. ಬೀಗದವರು ಅಂಗಡಿ ಮುಚ್ಚಿಕೊಂಡು ಎಲ್ಲ ಕಡೆಗೂ ಹೋಗಿಬಂದರು. ಒಂದು ಭಾನುವಾರ ನಮ್ಮ ಮನೆ ಹುಡುಕಿಕೊಂಡು ಬಂದರು. ನಾನು ಒಳಕ್ಕೆ ಕೂಗಿ, ‘ಬೀಗದವರು ಬಂದಿದ್ದಾರೆ, ಚಹಾ ಇಡು’ ಎಂದರೆ, ನಿನ್ನ ನಾದಿನಿ ಗಾಬರಿಯಾಗಿ ಈಚೆ ಬಂದು, ‘ಮಗಳಿಗೆ ಇನ್ನೂ ಹದಿನೈದು, ಆಗಲೇ ಯಾವ ಬೀಗರು’ ಎಂದಳು. ಆ ಮನುಷ್ಯ ನಕ್ಕರು ಅಕ್ಕ. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಗುತ್ತಲೇ ಮುಖ ಮುಚ್ಚಿಕೊಂಡುಬಿಟ್ಟರು.

ದೂರದ ಒಂದು ಊರಿನ ಸೋಪಿನ ಕಾರ್ಖಾನೆಯ ಹೆಂಗಸರ ಹಾಸ್ಟೆಲಿನಿಂದ ಪತ್ರ ಬಂದಿತ್ತಂತೆ. ಚಿತ್ರದಲ್ಲಿರುವ ಹಾಗೆಯೇ ಒಬ್ಬ ಹುಡುಗಿ ಇದ್ದಾಳೆ, ಹೆಸರು ಬೇರೆ ಹೇಳುತ್ತಾಳೆ ಎಂದು ವಾರ್ಡನ್ ಬರೆದಿದ್ದರು. ‘ನೀವೂ ಬನ್ನಿ,’ ಎಂದರು ಬೀಗದವರು. ‘ಆಸೆಯಲ್ಲಿ ನನಗೆ ಎಲ್ಲರೂ ಅವಳ ಹಾಗೇ ಕಾಣ್ತಾರೆ. ನಿಮ್ಮ ಕಣ್ಣು ಬೇಕು.’ ನಾನು ರಜೆ ಹಾಕಿ ಗಂಡಹೆಂಡತಿಯ ಜೊತೆ ಹೋದೆ.

ರೈಲಿನಲ್ಲಿ ಆರು ಗಂಟೆಯ ದಾರಿ. ಬೀಗದವರು ನೀರು ತರಲು ಇಳಿದಾಗ ಆ ತಾಯಿ ನನ್ನ ಕಡೆ ತಿರುಗಿ, ಯಾರಿಗೂ ಹೇಳಿರದ ಸಂಗತಿ ಹೇಳಿದರು. ಹುಡುಗಿ ಪರೀಕ್ಷೆಯಲ್ಲಿ ಎರಡನೆಯ ಸಲ ನಪಾಸಾಗಿ, ಪಾಸಾದೆನೆಂದು ಮನೆಯಲ್ಲಿ ಸುಳ್ಳು ಹೇಳಿದ್ದಳು. ಆ ಮಂಗಳವಾರ ಹಾಸಿಗೆ ಕೊಡವುವಾಗ ಅಂಕಪಟ್ಟಿ ತಾಯಿಯ ಕೈಗೆ ಸಿಕ್ಕಿತು.

‘ಸಿಟ್ಟಲ್ಲಿ ಒಂದು ಮಾತು ಅಂದೆ. ಇನ್ನು ನಿನ್ನ ಮುಖ ನನಗೆ ತೋರಿಸಬೇಡ ಅಂದೆ,’ ಎಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ, ‘ಅವಳು ಅದನ್ನ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ ಅಲ್ವಾ? ಸಮಾಧಾನವಾಗಿದ್ದಳು ಅಂದ್ರಲ್ಲ ನೀವು.’

‘ಹೌದಮ್ಮ. ಸಮಾಧಾನವಾಗಿದ್ದಳು.’

‘ಹಾಗಾದ್ರೆ ತಾನೇ ಯೋಚನೆ ಮಾಡಿ ಹೋಗಿದ್ದಾಳೆ. ಎಲ್ಲೋ ಕೆಲಸಕ್ಕೆ ಸೇರಿಕೊಂಡಿದ್ದಾಳೆ. ಯೋಚನೆ ಮಾಡಿ ಹೋದವರು ಯೋಚನೆ ಮಾಡಿ ಬರ್ತಾರೆ.’

ಹಾಸ್ಟೆಲಿನ ಮುಂದಿನ ಕೋಣೆಯಲ್ಲಿ ಉದ್ದ ಬೆಂಚು, ಗೋಡೆಯ ಮೇಲೆ ನನ್ನ ಚಿತ್ರ. ವಾರ್ಡನ್ ಹುಡುಗಿಯನ್ನು ಕರೆತಂದರು. ಅದೇ ಹಣೆ, ಅದೇ ಗದ್ದ. ಆದರೆ ಕಿವಿ ಎರಡೂ ಇಡಿಯಾಗಿದ್ದವು. ನಾನು ತಲೆ ಅಲ್ಲಾಡಿಸುವುದಕ್ಕೆ ಮೊದಲೇ ಆ ಹುಡುಗಿಗೆ ನಮ್ಮ ಮುಖಗಳಿಂದ ತಿಳಿದುಹೋಯಿತು. ‘ನಾನಲ್ಲ. ತಪ್ಪು ತಿಳಿಬೇಡಿ,’ ಎಂದಳು, ತಾನೇ ಅಪರಾಧ ಮಾಡಿದ ಹಾಗೆ. ತಾಯಿ ಅವಳ ಕೈ ಬಿಡಲೇ ಇಲ್ಲ. ಊಟ ಸರಿಯಾಗಿ ಹಾಕ್ತಾರಾ, ಮನೆಗೆ ಕಾಗದ ಬರೀತೀಯಾ ಎಂದೆಲ್ಲ ಕೇಳಿದರು. ಹುಡುಗಿ ಬರೆಯುವುದಿಲ್ಲ ಎಂದಳು. ಬರಿ ಎಂದು ಹೇಳಿ, ಚೀಲದಲ್ಲಿದ್ದ ಮಗಳ ಇನ್ನೊಂದು ಸ್ವೆಟರನ್ನು ಅವಳಿಗೆ ಕೊಟ್ಟು ಎದ್ದರು.

ಅಲ್ಲಿಂದ ಬಂದ ಮೇಲೆ ಶುರುವಾಯಿತು ನೋಡು. ಕೂದಲು ಬೆಳೆದಿರುತ್ತದೆ, ಸ್ವಲ್ಪ ಸೊರಗಿರುತ್ತಾಳೆ, ಹಾಗೆ ಬಿಡಿಸಿಕೊಡಿ ಎಂದು ತಾಯಿ ಬಂದರು. ಬಿಡಿಸಿಕೊಟ್ಟೆ. ಎರಡು ತಿಂಗಳ ಮೇಲೆ, ಕೂದಲು ಕತ್ತರಿಸಿಕೊಂಡಿದ್ದರೆ ಹೇಗೆ ಕಾಣುತ್ತಾಳೆ, ಹಾಗೆ. ಕನ್ನಡಕ ಹಾಕಿಕೊಂಡಿದ್ದರೆ ಹೇಗೆ. ಆ ಕನ್ನಡಕ ಬಿಡಿಸುವಾಗ ಮಗಳ ಕನ್ನಡಕವನ್ನೇ ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಸಂಜೆ ಅವಳು ಸ್ನೇಹಿತೆಯ ಮನೆಗೆ ಹೊರಟಾಗ, ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಎಂದು ನಾಲ್ಕು ಸಲ ಕೇಳಿ ಅವಳಿಂದ ಬೈಸಿಕೊಂಡೆ.

ಒಂದು ಸಲ ಕಂಡ ಮುಖ ಅಕ್ಕ, ಅದೂ ಹನ್ನೊಂದು ನಿಮಿಷ. ಅದರ ಮೇಲೆ ಎಷ್ಟು ಮುಖ ಕಟ್ಟಲಿ? ಆರನೆಯದನ್ನು ಬಿಡಿಸುವ ಹೊತ್ತಿಗೆ ಅದು ಆ ಹುಡುಗಿಯೋ, ಸೋಪಿನ ಕಾರ್ಖಾನೆಯವಳೋ, ನನ್ನ ಮಗಳೋ ನನಗೇ ತಿಳಿಯದಾಯಿತು. ಹೇಳಿದೆ. ‘ಪರವಾಗಿಲ್ಲ, ನಿಮ್ಮ ಕೈಗೆ ಗೊತ್ತಿರುತ್ತೆ’ ಎಂದರು ಆ ತಾಯಿ. ಆಗುವುದಿಲ್ಲ ಎನ್ನಲು ನನ್ನಿಂದ ಆಗಲಿಲ್ಲ. ನಿನ್ನ ನಾದಿನಿ ಒಮ್ಮೆ ನೇರವಾಗಿ ಹೇಳಿದಳು, ನೀವು ಆ ಹೆಂಗಸಿಗೆ ಔಷಧ ಕೊಡ್ತಿಲ್ಲ, ಚಟ ಹಿಡಿಸ್ತಿದ್ದೀರಿ ಎಂದು. ಸರಿಯಾದ ಮಾತು. ಹಾಗಾದರೆ ನೀನೇ ಹೋಗಿ ಬೇಡ ಅನ್ನು ಎಂದೆ. ಹೋದಳು. ಆ ಮನೆಯಲ್ಲಿ ಎರಡು ಗಂಟೆ ಕೂತು, ಬೇಡ ಅನ್ನುವ ಮಾತೇ ಎತ್ತದೆ, ಹುಡುಗಿಯ ಹರಿದ ದಿಂಬಿನ ಚೀಲ ಹೊಲಿದುಕೊಟ್ಟು ಬಂದಳು.

ಬೀಗದವರು ಇನ್ನೊಂದು ದಾರಿ ಹಿಡಿದರು. ಪ್ರತಿ ಮಂಗಳವಾರ ನಾಲ್ಕು ಹತ್ತಕ್ಕೆ ಬಸ್ಸು ಹತ್ತಿ ಅದೇ ಮೂರನೆಯ ಸೀಟಿನ ಕಿಟಕಿಯಲ್ಲಿ ಕೂರುತ್ತಾರೆ. ಅಲ್ಲಿಂದ ಏನು ಕಾಣುತ್ತದೆ ಎಂದು ನೋಡುತ್ತಾರೆ. ಒಂದು ಪತ್ರಿಕೆ ಅಂಗಡಿ, ನೀರಿನ ನಲ್ಲಿ, ಬೇರೆ ಊರುಗಳಿಗೆ ಹೋಗುವ ಮೂರು ಬಸ್ಸು. ಇವುಗಳಲ್ಲಿ ಯಾವುದನ್ನು ನೋಡಿ ಅವಳು ಎದ್ದಳು ಎಂದು ಒಮ್ಮೆ ನನ್ನನ್ನು ಕೇಳಿದರು. ಗಡಿಯಾರ ಇಂಜಿನ್ ಚಾಲು ಮಾಡಿದರೂ ಅವರು ಕೂಡಲೇ ಏಳುವುದಿಲ್ಲ, ಮಂಡಿ ಹಿಡಿದುಕೊಂಡು ನಿಧಾನವಾಗಿ ಇಳಿಯುತ್ತಾರೆ. ಇಪ್ಪತ್ತು ವರ್ಷ ತಡಮಾಡದ ಗಡಿಯಾರ ಈಗ ಮಂಗಳವಾರ ನಾಲ್ಕು ಇಪ್ಪತ್ತೆರಡಕ್ಕೆ ಹೊರಡುತ್ತಾನೆ. ಕಾರಣ ಕೇಳಿ ಕಚೇರಿಯಿಂದ ಪತ್ರ ಬಂದರೆ ‘ಇಂಜಿನ್ ಬಿಸಿ’ ಎಂದು ಬರೆದುಕೊಡುತ್ತಾನೆ.

ಈ ಜುಲೈಗೆ ವರ್ಷ ತುಂಬಿತು. ಹೊಸ ಸುಳಿವಿಲ್ಲವೆಂದು ಠಾಣೆಯವರು ಕಡತ ಕಟ್ಟಿಟ್ಟರಂತೆ. ಬಸ್ಸುಗಳಿಗೆ ಹೊಸ ಬಣ್ಣ ಹೊಡೆಯುವಾಗ ಚಿತ್ರಗಳನ್ನು ಕೆರೆದು ತೆಗೆದರು. ಕಂಬದ ಮೇಲಿದ್ದವು ಬಿಸಿಲಿಗೆ ಬಿಳಚಿ, ಅವುಗಳ ಮೇಲೆ ಟೈಪಿಂಗ್ ಶಾಲೆಯ ಜಾಹೀರಾತು ಕೂತಿತು. ಆಗಸ್ಟಿನಲ್ಲಿ ಗಂಡಹೆಂಡತಿ ಇಬ್ಬರೂ ಮನೆಗೆ ಬಂದರು. ಇನ್ನು ಹುಡುಕುವುದಕ್ಕೆ ಚಿತ್ರ ಬೇಡ, ಮನೆಯ ಗೋಡೆಗೆ ಒಂದು ದೊಡ್ಡದು ಬೇಕು, ಬಣ್ಣದಲ್ಲಿ ಎಂದರು. ಬಾಗಿಲಿಗೆ ಎದುರಾಗಿ ಹಾಕುತ್ತಾರಂತೆ, ಯಾವತ್ತು ಬಂದರೂ ಹೊಸಿಲಲ್ಲೇ ಅವಳಿಗೆ ಕಾಣಲಿ ಎಂದು. ‘ಅವತ್ತು ಇದ್ದ ಹಾಗೇ ಬಿಡಿಸಿ. ಮುಖದಲ್ಲಿ ಸ್ವಲ್ಪ ನಗು ಇತ್ತಲ್ಲ,’ ಎಂದರು ತಾಯಿ. ನಗು ಇತ್ತು ಎಂದು ನಾನು ಹೇಳಿದವನೇ ಅಲ್ಲ. ಸಮಾಧಾನ ಎಂದಿದ್ದೆ. ಅವರ ಮನಸ್ಸಿನಲ್ಲಿ ಅದು ತಾನಾಗಿ ಬೆಳೆದು ನಗುವಾಗಿತ್ತು. ನಾನು ಇಲ್ಲ ಎನ್ನಲಿಲ್ಲ.

ನಾಲ್ಕು ಭಾನುವಾರ ಕೂತೆ. ನನಗೆ ಬಣ್ಣ ಒಗ್ಗುವುದಿಲ್ಲ ಎಂದು ನಿನಗೆ ಗೊತ್ತಲ್ಲ, ನೀರು ಹೆಚ್ಚಾಗಿ ಹಾಳೆ ಉಬ್ಬುತ್ತದೆ. ಮಗಳು ತನ್ನ ಬಣ್ಣದ ಪೆಟ್ಟಿಗೆ ಕೊಟ್ಟಳು. ಮೂರು ಕೆಟ್ಟವು. ನಾಲ್ಕನೆಯದು ಚೆನ್ನಾಗಿ ಬಂತು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಚಿತ್ರ ಬಿಡಿಸಿಲ್ಲ. ನೀಲಿ ಸ್ವೆಟರು, ಕೆನ್ನೆಯ ಮೇಲೆ ಸಂಜೆಯ ಬೆಳಕು, ತುಟಿಯ ತುದಿಯಲ್ಲಿ ಸಣ್ಣ ನಗು. ಈ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಬೀಗದವರು ಮೊಳೆ ಹೊಡೆದರು. ತಾಯಿ ದೂರ ನಿಂತು ನೋಡಿ, ಹತ್ತಿರ ಬಂದು ನೋಡಿ, ‘ಇದೇ ನನ್ನ ಮಗಳು. ನನ್ನ ಮೇಲೆ ಸಿಟ್ಟೇ ಇಲ್ಲ ನೋಡಿ ಅವಳಿಗೆ,’ ಎಂದರು. ನನ್ನ ಎರಡು ಕೈಯನ್ನೂ ಹಿಡಿದು ಕಣ್ಣಿಗೊತ್ತಿಕೊಂಡರು.

ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವರು ಅವರು. ಕೈ ಹಿಂದಕ್ಕೆ ಎಳೆದುಕೊಳ್ಳಲೂ ಆಗಲಿಲ್ಲ.

ಅವತ್ತಿನಿಂದ ಪೆನ್ಸಿಲ್ ಮುಟ್ಟಿಲ್ಲ. ನಿಲ್ದಾಣದಲ್ಲಿ ಬಸ್ಸು ನಿಂತಾಗ ನಾನೂ ಇಳಿದು ಗಡಿಯಾರನ ಜೊತೆ ಚಹಾ ಕುಡಿಯುತ್ತೇನೆ. ‘ಏನು ಪೆನ್ಸಿಲ್, ಮೊನೆ ಮುರೀತಾ’ ಎಂದು ಅವನು ಒಂದು ದಿನ ಕೇಳಿದ. ಆಮೇಲೆ ಕೇಳಲಿಲ್ಲ. ಕರವಸ್ತ್ರ ಬೆಳ್ಳಗಿರುವುದನ್ನು ಕಂಡು ನಿನ್ನ ನಾದಿನಿಯೂ ಏನೂ ಹೇಳುತ್ತಿಲ್ಲ. ಮೊನ್ನೆ ಅವಳೇ ಒಂದು ಹೊಸ ಪುಸ್ತಕ ಹೊಲಿದು ನನ್ನ ಅಂಗಿಯ ಜೇಬಿನಲ್ಲಿ ಇಟ್ಟಿದ್ದಳು. ಹಾಗೇ ಇದೆ.

ಇದೇ ಅಕ್ಕ ನನ್ನ ವಿವರ. ನೀನು ಇದನ್ನು ಓದಿ ಎದೆಗೆ ಹಚ್ಚಿಕೊಳ್ಳಬೇಡ, ಕೂಡಲೇ ರೈಲು ಹತ್ತಲೂ ಬೇಡ, ಮಂಡಿ ಗುಣವಾಗಲಿ. ಭಾವನಿಗೆ ನನ್ನ ನಮಸ್ಕಾರ. ನಿನ್ನ ಮಕ್ಕಳಿಗೆ ಸೋದರಮಾವನ ಆಶೀರ್ವಾದ, ದೊಡ್ಡವನಿಗೆ ಕೆಲಸ ಖಾಯಂ ಆಗಲಿ, ಚಿಕ್ಕವಳು ಅಂದುಕೊಂಡದ್ದನ್ನು ಓದಲಿ. ಓದದಿದ್ದರೂ ಚೆನ್ನಾಗಿರಲಿ, ಹಾಗೆಂದು ನಾನು ಹೇಳಿದೆನೆಂದು ಅವಳಿಗೆ ತಪ್ಪದೆ ತಿಳಿಸು. ನಿನ್ನ ಕೈ ಒಂದು ಸಲ ನನ್ನ ತಲೆಯ ಮೇಲಿದ್ದರೆ ಚೆನ್ನಾಗಿತ್ತು. ದೂರದಿಂದಲೇ ಹರಸು.

ನಿನ್ನ ತಮ್ಮ,
ಕಡ್ಡಿ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮನೆಯಲ್ಲಿ ಹೇಳಿಲ್ಲ, ಗಡಿಯಾರನಿಗೂ ಹೇಳಿಲ್ಲ. ಆ ಹುಡುಗಿ ಸಮಾಧಾನವಾಗಿ ಇರಲಿಲ್ಲ ಅಕ್ಕ. ಅಳುತ್ತಿದ್ದಳು. ಸದ್ದಿಲ್ಲದೆ, ಒರೆಸಿಕೊಳ್ಳದೆ, ಹನ್ನೊಂದು ನಿಮಿಷವೂ. ಕಣ್ಣೀರು ಗದ್ದದಿಂದ ಚೀಲದ ಮೇಲೆ ಬೀಳುತ್ತಿತ್ತು. ಪೆನ್ಸಿಲಿನಲ್ಲಿ ನೀರು ತೋರಿಸಲು ಹೋದರೆ ಕೆನ್ನೆ ಕೊಳೆಯಾದ ಹಾಗೆ ಕಾಣುತ್ತದೆ ಎಂದು ಅದನ್ನು ಬಿಟ್ಟು ಉಳಿದದ್ದನ್ನು ಬಿಡಿಸಿದೆ. ಬೇರೆಯವರು ಹತ್ತುವವರೆಗೆ ಬಸ್ಸಿನಲ್ಲಿ ನಾವಿಬ್ಬರೇ ಇದ್ದೆವು. ಯಾಕಮ್ಮ ಏನಾಯ್ತು ಎಂದು ಕೇಳಬೇಕು ಅನ್ನಿಸಿತು, ಎರಡು ಸಲ ಅನ್ನಿಸಿತು. ಕೇಳಿದರೆ ಈ ಕಡೆ ತಿರುಗಿಬಿಡುತ್ತಾಳೆ, ಚಿತ್ರ ಕೆಡುತ್ತದೆ ಎಂದು ಸುಮ್ಮನಿದ್ದೆ.